ಗುಂಡುಕಲ್ಲು ಒದ್ದೆ ಮಾಡಿಕೊಂಡ ಪ್ರಸಂಗ

ಒಂದೂವರೆ ತಿಂಗಳ ಹಿಂದೆ, ಒಂದು ಗುರುವಾರ ಬೆಳಿಗ್ಗೆ, ಹಿಂದೂಪುರದ ನಮ್ಮ ನಡುಮನೆಯಲ್ಲಿ, ಅರವತ್ತು ಮಂದಿ ಬಂಧುಬಾಂಧವರ ಸಮಕ್ಷಮದಲ್ಲಿ, ಇಡ್ಲಿ ಹಿಟ್ಟು ರುಬ್ಬುವ ಗುಂಡುಕಲ್ಲೊಂದು ತೊಟ್ಟಿಲಲ್ಲಿ ಮಲಗಿ ಉಚ್ಚೆ ಹೊಯ್ದುಕೊಂಡಿತು.

ನಗಬೇಡಿ. ಇದು ಯಾರೋ ಹೇಳಿ ಕೇಳಿದ ಸುದ್ದಿಯಲ್ಲ. ನಾನು ಅಲ್ಲೇ ನಿಂತಿದ್ದೆ. ಅಷ್ಟೇ ಅಲ್ಲ, ಕಲ್ಲು ಒದ್ದೆ ಮಾಡಿಕೊಂಡಿದೆ ಎಂದು ಬೀದಿಗೆಲ್ಲ ಕೇಳುವಂತೆ ಸಾರಿದ ಯಂತ್ರದ ಕರ್ತೃವೂ ನಾನೇ.

ಹಳೆಯ ಓದುಗರಿಗೆ ನನ್ನ ಚಟ ಗೊತ್ತು. ಹೊಸಬರಿಗಾಗಿ ಎರಡು ಮಾತು. ಹೊಟ್ಟೆಪಾಡಿಗೆ ನನ್ನದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟು. ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ಯಂತ್ರಗಳಿವೆ (ಒಂಬತ್ತು ನಡೆಯುತ್ತವೆ, ಇನ್ನೆರಡು ಗೌರವಾರ್ಥ ಕುಳಿತಿವೆ). ಆತ್ಮದ ಪಾಡಿಗೆ ನನ್ನದು ಐಸಿ. ಹಿತ್ತಲ ಕಡೆಯ ತಂಪು ಕೋಣೆಯಲ್ಲಿ ಒಂದು ಮೇಜು, ಒಂದು ಸೋಲ್ಡರಿಂಗ್ ಕಡ್ಡಿ, ಒಂದು ಭೂತಗನ್ನಡಿ, ಹೋಮಿಯೋಪತಿ ಸೀಸೆಗಳಲ್ಲಿ ವಿಂಗಡಿಸಿಟ್ಟ ಬಿಡಿಭಾಗಗಳು. ಬೆಂಗಳೂರಿಗೆ ರೈಲು ಹತ್ತಿದರೆ ಬೇರೆಯವರು ಸೀರೆ ತರುತ್ತಾರೆ, ನಾನು ಐಸಿ ತರುತ್ತೇನೆ. ಇದು ನಮ್ಮ ಮನೆಯಲ್ಲಿ ಪ್ರಶಂಸೆಯ ಮಾತಲ್ಲ.

ಐಸಿ ಅಂದರೆ ಏನು? ಹಿಂದೆ ಮೇಜಿನ ತುಂಬ ಹರಡಿಕೊಳ್ಳುತ್ತಿದ್ದ ಟ್ರಾನ್ಸಿಸ್ಟರು, ರೆಸಿಸ್ಟರುಗಳ ಸಂಸಾರವನ್ನೆಲ್ಲ ಹುಣಿಸೆ ಬೀಜದಷ್ಟು ಗಾತ್ರದ ಕಪ್ಪು ಬಿಲ್ಲೆಯೊಳಗೆ ಅಡಕಿ, ಎರಡೂ ಕಡೆ ಕಾಲು ಹಚ್ಚಿಬಿಟ್ಟರೆ ಅದು ಐಸಿ. ಅವಿಭಕ್ತ ಕುಟುಂಬ ಎನ್ನಿ. ಒಳಗೇನು ನಡೆಯುತ್ತಿದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಒಳಗೆ ಒಬ್ಬರು ಕೆಟ್ಟರೆ ಇಡೀ ಮನೆಯನ್ನೇ ಬಿಸಾಡಬೇಕು.

ನನ್ನ ಹೆಂಡತಿ ಜಯಮ್ಮ ಅದರ ಸಾಲುಕಾಲು ನೋಡಿ ಜೆರ್ರಿಹುಳ ಎನ್ನುತ್ತಾಳೆ. ಅವಳ ಕಸಪೊರಕೆಗೆ ಸಿಕ್ಕಿ ಇದುವರೆಗೆ ಎಷ್ಟು ಹುಳ ಮೋಕ್ಷ ಕಂಡಿವೆಯೋ ಲೆಕ್ಕವಿಲ್ಲ.

ಹತ್ತು ವರ್ಷಗಳ ನನ್ನ ಸಾಧನೆಯನ್ನು ಮನೆಮಂದಿ ಗುರುತಿಸಲೇ ಇಲ್ಲ. ಚಪ್ಪಾಳೆ ತಟ್ಟಿದರೆ ಹತ್ತುವ ದೀಪ ಮಾಡಿದೆ. ಅಡುಗೆಮನೆಯಲ್ಲಿ ಜಯಮ್ಮ ರೊಟ್ಟಿ ತಟ್ಟಿದಾಗಲೆಲ್ಲ ನಡುಮನೆಯ ದೀಪ ಹತ್ತಿ, ಆರಿ, ಹತ್ತಿ, ಆರಿ, ನೆಂಟರು ಎದ್ದು ಹೋದರು. ತೊಟ್ಟಿ ತುಂಬಿದರೆ ಕೂಗುವ ಅಲಾರಂ ಮಾಡಿದೆ. ಆರು ವರ್ಷವಾಯಿತು, ಒಮ್ಮೆಯೂ ಕೂಗಿಲ್ಲ. ಸರ್ಕ್ಯೂಟ್ ಸರಿಯಾಗಿಯೇ ಇದೆ. ಹಿಂದೂಪುರದಲ್ಲಿ ತೊಟ್ಟಿ ತುಂಬಬೇಕಲ್ಲ?

ಇರಲಿ. ವಿಷಯಕ್ಕೆ ಬರುತ್ತೇನೆ.

ನಮ್ಮ ಒಬ್ಬಳೇ ಮಗಳು ಸುಧಾ ಚೊಚ್ಚಲ ಹೆರಿಗೆಗೆ ಬಂದಳು. ಗಂಡುಮಗು ಆಯಿತು. ತಾಯಿ, ಮಗು ಆರೋಗ್ಯ. ಆರೋಗ್ಯ ಕೆಟ್ಟದ್ದು ನನ್ನ ಮೇಜಿನದು. ತಂಪು ಕೋಣೆ ಬಾಣಂತಿ ಕೋಣೆಯಾಯಿತು. ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಬಜೆ, ಎಣ್ಣೆ ಬಟ್ಟಲು ಇವುಗಳ ನಡುವೆ ಸೋಲ್ಡರಿಂಗ್ ಕಡ್ಡಿಗೆ ಜಾಗವೆಲ್ಲಿ? ನನ್ನ ಹತ್ತು ವರ್ಷದ ಸಾಮ್ರಾಜ್ಯವನ್ನು ಒಂದು ಅಕ್ಕಿ ಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗೆ ತಳ್ಳಿದರು.

ಬಾಣಂತನ ಎಷ್ಟು ದಿನ ಎನ್ನುವುದೇ ಮುಂದಿನ ವ್ಯಾಜ್ಯ. ನಮ್ಮಲ್ಲಿ ಬಾಣಂತಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸುವುದು ಬೆಸ ತಿಂಗಳಲ್ಲಿ. ಮೂರಕ್ಕೆ ಕಳಿಸಬೇಕು, ತಪ್ಪಿದರೆ ಐದಕ್ಕೆ. ನಾಲ್ಕು ನಿಷಿದ್ಧ. (ನಾಲ್ಕು ಏನು ಪಾಪ ಮಾಡಿದೆ ಎಂದು ಕೇಳಬೇಡಿ. ಶಾಸ್ತ್ರಕ್ಕೆ ಸರ್ಕ್ಯೂಟ್ ಡಯಾಗ್ರಾಂ ಇಲ್ಲ.)

ಬೀಗಿತ್ತಿ ನಾಗರತ್ನಮ್ಮನವರದು ಕಲ್ಯಾಣದುರ್ಗ. ಹಿಂದೆ ಮಗ್ಗದ ಮನೆ, ಈಗ ಬಟ್ಟೆ ಅಂಗಡಿ. ಬೋರ್ಡಿನ ಮೇಲೆ ಇರುವುದು ನಮ್ಮ ಅಳಿಯ ಮಂಜುನಾಥನ ಹೆಸರು. ಗಲ್ಲಾದ ಮುಂದೆ ಇರುವುದು ಅವನ ತಾಯಿ. ಮನುಷ್ಯರನ್ನೂ ಬಟ್ಟೆಯ ಹಾಗೆ ಹೆಬ್ಬೆಟ್ಟು ತೋರುಬೆರಳ ನಡುವೆ ಉಜ್ಜಿ ನೋಡಿ, ಬಣ್ಣ ಬಿಡುತ್ತದೋ ಇಲ್ಲವೋ ಎಂದು ಹೇಳಬಲ್ಲ ಹೆಂಗಸು. ಮೊಮ್ಮಗನನ್ನು ನೋಡಲು ಮೊದಲ ಸಲ ಬಂದಾಗಲೇ ಮಾತು ತೆಗೆದರು.

"ಜಯಮ್ಮ, ಮೂರ್ನೇ ತಿಂಗ್ಳಿಗೇ ಕರ್ಕೊಂಡು ಹೋಯ್ತೀನಿ ಕಣಮ್ಮ. ಅಂಗಡೀಲಿ ಕುಂತ್ರೂ ನಂಗೆ ಕೂಸಿಂದೇ ಗ್ಯಾನ. ಮೊನ್ನೆ ಯಾವಳೋ ಲಂಗದ ಬಟ್ಟೆ ಕೇಳಿದ್ರೆ ಜುಬ್ಬದ ಬಟ್ಟೆ ಹರಿದು ಕೊಟ್ಬುಟ್ಟೆ."

ಜಯಮ್ಮ ಇಂಥ ದಾಳಿಗೆ ಸಿದ್ಧಳಾಗಿಯೇ ಇದ್ದಳು.

"ಕರ್ಕೊಂಡು ಹೋಗಿ ಅಕ್ಕಾ, ಯಾರು ಬ್ಯಾಡ ಅಂತಾರೆ? ನಿಮ್ಮ ಸೊಸೆ, ನಿಮ್ಮ ಮೊಮ್ಮಗ. ನಂಗೆ ನಿಮ್ಮ ಮಂಡೀದೇ ಚಿಂತೆ. ಇವ್ನು ರಾತ್ರಿಗೆ ಐದು ಸಲ ಒದ್ದೆ ಮಾಡ್ಕೊಂಡ್ಬುಡ್ತಾನೆ. ಅಳೋನಾದ್ರೆ ಪರವಾಗಿಲ್ಲ, ಅಳೋದೂ ಇಲ್ಲ. ಒದ್ದೇಲೇ ಮಲಗಿರ್ತಾನೆ, ಬೆಳಿಗ್ಗೆಗೆ ನೆಗಡಿ. ಎದ್ದೆದ್ದು ಕೈಯಿಟ್ಟು ನೋಡ್ತಿರ್ಬೇಕು. ಸುಧಾ ಇನ್ನೂ ಹಸಿ ಬಾಣಂತಿ. ಅಲ್ಲಿ ಯಾರು ಏಳ್ತಾರೆ? ನೀವಾ, ಆ ಮಂಡಿ ಇಟ್ಕೊಂಡು?"

ಮಂಡಿ ಎಂಬ ಮಾತು ಬಿದ್ದ ಕೂಡಲೇ ಬೀಗಿತ್ತಿಯ ಕೈ ತಾನಾಗಿ ಮಂಡಿಗೆ ಹೋಯಿತು.

"ಆಯ್ತು ಬುಡು. ಐದಕ್ಕೇ ಬರ್ಲಿ."

ಒಪ್ಪಂದಕ್ಕೆ ಅಂಕಿತ ಬಿತ್ತು. ಜಯಮ್ಮ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದಳು.

ನನಗೆ ಇದರಲ್ಲೇನೂ ಆಸಕ್ತಿಯಿಲ್ಲ ಎಂಬಂತೆ ಪೇಪರು ಓದುತ್ತಿದ್ದೆ. ಪೇಪರು ತಲೆಕೆಳಗಾಗಿತ್ತು ಎಂದು ಸುಧಾ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಆದರೆ ಒಂದು ಸಂಗತಿ ಒಪ್ಪಿಕೊಳ್ಳುತ್ತೇನೆ. ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಒಂಬತ್ತು ಯಂತ್ರಗಳು ಒಟ್ಟಿಗೆ ಪಟಪಟಿಸಿದರೆ ಪಕ್ಕದ ಮನೆಯ ಎಮ್ಮೆ ಹಾಲು ಕೊಡುವುದಿಲ್ಲ ಎಂಬ ದೂರಿದೆ. ಈ ಮಗು ಆ ಸದ್ದಿಗೇ ನಿದ್ದೆ ಹೋಗುತ್ತಿತ್ತು. ಬ್ಯಾಚು ಮುಗಿದು ಸದ್ದು ನಿಂತರೆ ಎದ್ದು ಚೀರುತ್ತಿತ್ತು. ಆಗ ನಾನೊಬ್ಬನೇ ಹೋಗಿ ಕುಳಿತು ಸುಮ್ಮನೆ ಎ ಎಸ್ ಡಿ ಎಫ್ ಕುಟ್ಟುತ್ತಿದ್ದೆ. ಮೂವತ್ತು ವರ್ಷದಲ್ಲಿ ನನ್ನ ಟೈಪಿಂಗನ್ನು ಮೆಚ್ಚಿದ ಮೊದಲ ಪ್ರಾಣಿ.

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಜಯಮ್ಮ ದಿನವೂ ಬೆಳಿಗ್ಗೆ ಕೆಂಪು ಕಣ್ಣಲ್ಲಿ ಕಾಫಿ ತಂದಿಡುವುದನ್ನು ನೋಡಿ ನನ್ನೊಳಗಿನ ವಿಜ್ಞಾನಿ ಎಚ್ಚೆತ್ತ. ಐದು ಸಲ ಏಳಬೇಕೇಕೆ? ಒದ್ದೆಯಾದಾಗ ಮಾತ್ರ ಎದ್ದರೆ ಸಾಲದೆ? ಒದ್ದೆಯಾಯಿತು ಎಂದು ಮಗು ಹೇಳದಿದ್ದರೆ ಐಸಿ ಹೇಳಬಾರದೆ?

ಗ್ರೀಟಿಂಗ್ ಕಾರ್ಡು ತೆರೆದರೆ ಕೀರಲು ದನಿಯಲ್ಲಿ ಹಾಡುತ್ತದಲ್ಲ, ಅದರೊಳಗಿರುವುದು ಮ್ಯೂಸಿಕಲ್ ಐಸಿ. ಮೂರೇ ಕಾಲು. ನೋಡಲು ಬಡಪಾಯಿ, ಕಂಠ ಮಾತ್ರ ಗಟ್ಟಿ. ಅಂಥದೊಂದನ್ನು ಅಕ್ಕಿ ಚೀಲದಿಂದ ಬಗೆದು ತೆಗೆದೆ. ಹಳೆಯ ಪಂಚೆಯ ಒಂದು ಪಟ್ಟಿಯ ಮೇಲೆ ಎರಡು ತಂತಿಗಳನ್ನು ಹಾವು ಹರಿದಂತೆ ಅಕ್ಕಪಕ್ಕ ಹೊಲಿದೆ, ಒಂದಕ್ಕೊಂದು ತಾಗದಂತೆ. ಪಟ್ಟಿ ಒಣಗಿದ್ದರೆ ಮೌನ. ನೆನೆದರೆ ನೀರೇ ಸೇತುವೆಯಾಗಿ ಈ ತಂತಿಯಿಂದ ಆ ತಂತಿಗೆ ಚೂರು ಕರೆಂಟು ದಾಟುತ್ತದೆ, ಒಂದು ಟ್ರಾನ್ಸಿಸ್ಟರು ಕಣ್ಣು ಬಿಡುತ್ತದೆ, ಐಸಿ ಹಾಡುತ್ತದೆ. ಎರಡು ಪೆನ್ಸಿಲ್ ಸೆಲ್ಲು, ಒಂದು ಪುಟ್ಟ ಸ್ಪೀಕರು, ಎಲ್ಲ ಒಂದು ಸೋಪು ಡಬ್ಬಿಯಲ್ಲಿ. ತೊಟ್ಟಿಲಿನ ಹಾಸಿಗೆಯಲ್ಲಿ ನಾಲ್ಕು ಮಡಿಕೆ ಹಳೇ ಸೀರೆಯ ಕೆಳಗೆ ಪಟ್ಟಿ, ತೊಟ್ಟಿಲಿನ ಅಡಿಗೆ ಡಬ್ಬಿ.

ಒದ್ದೆ ಟವೆಲ್ಲು ಇಟ್ಟು ಪರೀಕ್ಷಿಸಿದೆ. ಹಾಡಿತು. ತೆಗೆದು ಒರೆಸಿದೆ. ನಿಂತಿತು. ಹತ್ತು ವರ್ಷದಲ್ಲಿ ಮೊದಲ ಬಾರಿಗೆ, ನಾನು ಮಾಡಿದ್ದು ನಾನು ಹೇಳಿದ್ದನ್ನೇ ಮಾಡಿತು.

ಎರಡು ತಿಂಗಳು ತುಂಬಿ ಮೂರನೆಯದಕ್ಕೆ ಬಿದ್ದಾಗ ನಾಮಕರಣ, ತೊಟ್ಟಿಲು ಶಾಸ್ತ್ರ. ಯಾರಿಗೂ ಹೇಳದೆ ಬೆಳಗಿನ ಜಾವವೇ ಯಂತ್ರವನ್ನು ತೊಟ್ಟಿಲಿಗೆ ಕೂರಿಸಿದೆ. ಮಗು ತೊಟ್ಟಿಲಲ್ಲಿ ಮಲಗಿ, ಮಾಡುವುದನ್ನು ಮಾಡಿ, ಐಸಿ ಹಾಡಿ, ಇಡೀ ಬಂಧುವರ್ಗ ಬೆರಗಾಗಿ, ನನ್ನ ಮೇಜು ಸಕಲ ಮರ್ಯಾದೆಗಳೊಂದಿಗೆ ತಂಪು ಕೋಣೆಗೆ ಮರಳಿ... ಹೀಗೆ ಸಾಗಿತ್ತು ಕಲ್ಪನೆ.

ಆದರೆ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುತ್ತಾರೆಯೆ? ಇಲ್ಲ. ಗುಂಡುಕಲ್ಲನ್ನು ಹಾಕುತ್ತಾರೆ! ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಆ ಕಲ್ಲಿಗೆ ಎಣ್ಣೆ ಹಚ್ಚಿ, ಎರೆದು, ಅರಿಶಿನ ಕುಂಕುಮ ಇಟ್ಟು, ಕುಲಾವಿ ತೊಡಿಸಿ, ಗುಂಡಪ್ಪ ಎಂದು ಮುದ್ದಾಗಿ ಕರೆದು ಮಲಗಿಸುತ್ತಾರೆ. ಇದೆಲ್ಲ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿರುವುದು ಬೇರೆ, ನೆನಪಿರುವುದು ಬೇರೆ. ಯಂತ್ರದ ಬಳಕೆದಾರರ ಪಟ್ಟಿಯಲ್ಲಿ ನಾನು ಕಲ್ಲನ್ನು ಸೇರಿಸಿಕೊಂಡಿರಲಿಲ್ಲ.

ಶಾಸ್ತ್ರದ ಯಜಮಾನಿಕೆ ಜಯಮ್ಮನ ಚಿಕ್ಕಮ್ಮನದು. ಪಕ್ಕದ ಪರಿಗಿ ಊರಿನವರು, ನನಗೆ ಅತ್ತೆಯಾಗಬೇಕು. ಅತ್ತೆ ಏನು ಮಾಡಿದರೂ ಧಾರಾಳ. ಗುಂಡಪ್ಪನಿಗೆ ಎರಡು ಕೊಡ ನೀರು ಎರೆದಿದ್ದರು. ಹೊಸದಾಗಿ ಉಳಿಯಿಂದ ಕಚ್ಚು ಹಾಕಿಸಿದ ಕಲ್ಲು ಬೇರೆ, ಒಂದೊಂದು ಕಚ್ಚಿನಲ್ಲೂ ನೀರು. ಒರೆಸಿದ್ದು ನೆಪಕ್ಕೆ. ಕುಲಾವಿ ಹಾಕಿ ಮಲಗಿಸಿದರು. ಹೆಂಗಸರೆಲ್ಲ ತೊಟ್ಟಿಲು ಹಿಡಿದು ತೂಗಿದರು. ಒಂದು ತೂಗು. ಎರಡು ತೂಗು.

ಮೂರನೆಯದಕ್ಕೆ ತೊಟ್ಟಿಲು ಹಾಡಿತು.

ಯಾವ ದೇಶದ ಹಾಡೋ, ಯಾರ ಹಬ್ಬದ್ದೋ, ನನಗೂ ಗೊತ್ತಿಲ್ಲ.

"ಯಾವನ್ಲಾ ಅವ್ನು ರೇಡಿಯೋ ಹಾಕ್ದೋನು? ಆರ್ಸ್ಲಾ!" ಅತ್ತೆ ಗುಡುಗಿದರು.

"ರೇಡಿಯೋ ಅಲ್ಲ ಕಣಮ್ಮೋ, ತೊಟ್ಲಿಂದ ಬತ್ತೈತೆ!" ಎಂದಳು ತೊಟ್ಟಿಲು ಹಿಡಿದಿದ್ದ ಒಬ್ಬಳು, ಕೈ ಬಿಟ್ಟು ಹಿಂದೆ ಸರಿಯುತ್ತ.

"ಗುಂಡಪ್ಪ ಹಾಡ್ತವ್ನೆ!"

ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೆನ್ನೆ ಕೆನ್ನೆ ಬಡಿದುಕೊಂಡು ಕೈ ಮುಗಿದಿದ್ದರು. ಇನ್ನು ಐದು ನಿಮಿಷ ಸುಮ್ಮನಿದ್ದರೆ ಕಲ್ಲಿಗೆ ಗುಡಿ ಕಟ್ಟಲು ಚಂದಾ ಏಳುತ್ತಿತ್ತು. ನಾನು ಮುಂದೆ ಬಂದು ಗಂಟಲು ಸರಿಮಾಡಿಕೊಂಡೆ.

"ಯಾರೂ ಗಾಬರಿ ಆಗ್ಬೇಡಿ. ಅದು ನಾನು ಮಾಡಿರೋ ಮೆಷಿನ್ನು. ತೊಟ್ಲು ಒದ್ದೆ ಆದ್ರೆ ಹಾಡ್ತದೆ."

"ಒದ್ದೆ? ಯಾರಪ್ಪ ಒದ್ದೆ ಮಾಡ್ದೋರು?" ಅತ್ತೆ ಕೇಳಿದರು.

"ಮಗು ಉಚ್ಚೆ ಹೊಯ್ಕೊಂಡ್ರೆ ಹಾಡ್ಲಿ ಅಂತ ಮಾಡಿದ್ದು ಅತ್ತೆ."

"ಕೂಸು ಇಲ್ಲೈತಲ್ಲಪ್ಪ, ಸುಧಾ ಮಡ್ಲಾಗೆ! ತೊಟ್ಲಾಗಿರೋನು ಗುಂಡಪ್ಪ!"

"ಹಂಗಾದ್ರೆ..." ನನಗೆ ಬೇರೆ ದಾರಿ ಇರಲಿಲ್ಲ, "ಗುಂಡಪ್ಪನೇ ಹೊಯ್ಕೊಂಡವ್ನೆ."

ಮೊದಲು ನಕ್ಕವಳು ಸುಧಾ. ಹೊಟ್ಟೆಗೆ ಕಟ್ಟಿದ್ದ ಬಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅರವತ್ತೂ ಜನ. ನಗದೇ ಇದ್ದವರು ಇಬ್ಬರು. ಒಬ್ಬಳು ಜಯಮ್ಮ. ಇನ್ನೊಬ್ಬರು ಬೀಗಿತ್ತಿ.

ಬೀಗಿತ್ತಿ ಮಂಡಿ ಹಿಡಿದುಕೊಂಡು ಎದ್ದರು. ತೊಟ್ಟಿಲ ಹತ್ತಿರ ಬಂದರು. ಗುಂಡಪ್ಪನನ್ನು ಎತ್ತಿಸಿ, ಹಾಸಿಗೆ ಸರಿಸಿ, ಹಾಡುತ್ತಿದ್ದ ಪಟ್ಟಿಯನ್ನು ಹೊರಗೆಳೆದರು.

"ಏಮಿಟಿದಿ, ಏನಿದು ಬೀಗ್ರೆ? ಕೂಸಿನ ಕೆಳಗೆ ಕರೆಂಟ್ ಇಟ್ಟಿದ್ದೀರಾ?"

"ಕರೆಂಟಲ್ಲಮ್ಮ, ಎರಡು ಪೆನ್ಸಿಲ್ ಸೆಲ್ಲು. ನಾಲಿಗೆ ಮೇಲೆ ಇಟ್ರೂ ಚುರ್ ಅನ್ನಲ್ಲ."

"ಇಟ್ಕೊಂಡು ತೋರ್ಸಿ."

ಮಾಡಿದ್ದುಣ್ಣೋ ಮಹರಾಯ. ಪಟ್ಟಿಯನ್ನು ನನ್ನ ಹೊಸ ಪಂಚೆಗೆ ಒತ್ತಿ ಒತ್ತಿ ಒರೆಸಿದೆ. ಹಾಡು ನಿಂತಿತು. ಆಮೇಲೆ ಸಮಸ್ತ ಬಂಧುಬಾಂಧವರ ಎದುರು, ಪುರೋಹಿತರ ಎದುರು, ನನ್ನ ಹತ್ತಿರ ಟೈಪಿಂಗ್ ಕಲಿತು ಈಗ ಗುಮಾಸ್ತರಾಗಿರುವ ನಾಲ್ವರ ಎದುರು ನಾಲಿಗೆ ಚಾಚಿ ಪಟ್ಟಿಯನ್ನು ಇಟ್ಟುಕೊಂಡೆ.

ಹಾಡಿತು.

"ಈಗ ಬೀಗ್ರು ಹೊಯ್ಕೊಂಡ್ರು!" ಎಂದು ಯಾರೋ ಕೂಗಿದರು. ಅದು ಯಾರೆಂದು ನನಗೆ ಗೊತ್ತು. ಹೆಸರು ಬರೆಯುವುದಿಲ್ಲ.

ಬೀಗಿತ್ತಿ ಆಗಲೂ ನಗಲಿಲ್ಲ. ಪಟ್ಟಿಯನ್ನು ನನ್ನಿಂದ ತೆಗೆದುಕೊಂಡು ಅದೇ ಹೆಬ್ಬೆಟ್ಟು, ಅದೇ ತೋರುಬೆರಳಲ್ಲಿ ಉಜ್ಜಿದರು. "ಹೊಲ್ಗೆ ಸೊಟ್ಟ ಐತೆ" ಎಂದರು. ಬೆರಳನ್ನು ನೀರಿಗೆ ಅದ್ದಿ ಮುಟ್ಟಿದರು. ಹಾಡಿತು. ಸೆರಗಲ್ಲಿ ಒರೆಸಿದರು. ನಿಂತಿತು. ಮತ್ತೆ ಅದ್ದಿದರು. ಐದು ಸಲ. ನನಗಿಂತ ಶಿಸ್ತಿನ ಪರೀಕ್ಷೆ. ಆಮೇಲೆ ಜಯಮ್ಮನ ಕಡೆ ತಿರುಗಿದರು.

"ಜಯಮ್ಮ, ನನ್ನ ಮಂಡಿ ನೋವಿಗೆ ಎದ್ದೆದ್ದು ನೋಡಕ್ಕಾಗಲ್ಲ ಅಂತ ತಾನೆ ಐದಕ್ಕೆ ಅಂದಿದ್ದು?"

"...ಹೂಂ ಅಕ್ಕ."

"ಈಗ ಎದ್ದು ನೋಡೋ ಹಂಗೇ ಇಲ್ವಲ್ಲ. ಇದೇ ಕೂಗಿ ಕರೀತೈತೆ. ಬೀಗ್ರು ಬಲ್ ಬುದ್ಧಿವಂತ್ರು ಕಣಮ್ಮ. ನನ್ನ ಮಂಡಿಗೋಸ್ಕರ ಮೆಷಿನ್ನೇ ಮಾಡ್ಬುಟ್ಟವ್ರೆ! ಇನ್ನು ಹದಿನೈದು ದಿನಕ್ಕೆ ಮೂರು ತುಂಬ್ತೈತೆ. ಅಷ್ಟರೊಳಗೆ ಬಂದು ಕರ್ಕೊಂಡು ಹೋಯ್ತೀನಿ. ಈ ಡಬ್ಬೀನೂ ಕೊಟ್ಟು ಕಳ್ಸಿ."

ಜಯಮ್ಮ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸುವಷ್ಟು ಕನ್ನಡ ನನಗೆ ಬರುವುದಿಲ್ಲ, ಬಂದರೂ ಸಂಪಾದಕರು ಅಚ್ಚು ಹಾಕುವುದಿಲ್ಲ.

ಮಗುವಿಗೆ ಹೆಸರಿಟ್ಟರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಯಂತ್ರ ಕೆಲಸ ಉಳಿಸುತ್ತದೆ ಎನ್ನುತ್ತಾರೆ. ನಿಜವೇ. ಆದರೆ ಕೆಲಸವನ್ನೇ ನೆಪ ಮಾಡಿಕೊಂಡು ಎಷ್ಟು ಜನ ಒಟ್ಟಿಗಿರುತ್ತಾರೆ, ಲೆಕ್ಕ ಹಾಕಿದ್ದೀರಾ? ಅಳಿಯಂದಿರು ಅತ್ತೆ ಮನೆಯ ಫ್ಯೂಸು ಕಟ್ಟಲು ಬಂದು ಊಟ ಮಾಡಿ ಹೋಗುತ್ತಾರೆ. ಹಪ್ಪಳ ಒತ್ತಲು ಬಂದ ಅತ್ತಿಗೆ ನಾದಿನಿಯರು ಒಂದು ವಾರ ನಿಲ್ಲುತ್ತಾರೆ. ಹಪ್ಪಳದ ಮೆಷಿನ್ನು ಬಂದ ಮನೆಗೆ ಅತ್ತಿಗೆ ಬರುವುದಿಲ್ಲ. ಕೆಲಸ ಉಳಿಯಿತು, ಅತ್ತಿಗೆ ಹೋದಳು. ಕೆಲವು ಮನೆಗಳಲ್ಲಿ ಇದು ಲಾಭವೇ ಇರಬಹುದು. ನಮ್ಮ ಮನೆಯಲ್ಲಿ ನಾನೊಂದು ರಾತ್ರಿಯ ಎಚ್ಚರವನ್ನು ಉಳಿಸಲು ಹೋಗಿ ಮಗಳನ್ನು ಎರಡು ತಿಂಗಳು ಮೊದಲೇ ಕಳೆದುಕೊಂಡಿದ್ದೆ.

ನಾಲ್ಕು ದಿನ ಜಯಮ್ಮ ನನ್ನೊಡನೆ ಮಾತಾಡಲಿಲ್ಲ. ಮಾತೆಲ್ಲ ಪಾತ್ರೆಗಳ ಮೂಲಕ ನಡೆಯಿತು. ಐದನೆಯ ದಿನ ಮಧ್ಯಾಹ್ನ ನಾನು ಮೆಟ್ಟಿಲ ಕೆಳಗೆ ಮುದುಡಿ ಕುಳಿತು, ಕಲ್ಯಾಣದುರ್ಗಕ್ಕೆ ಕಳಿಸಬೇಕಾದ ಡಬ್ಬಿಯೊಳಗಿನ ತಂತಿಗೆ ಬೆಸುಗೆ ಹಾಕುತ್ತಿದ್ದಾಗ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತಳು.

"ಏನೂಂದ್ರೆ."

"ಹೂಂ."

"ಇದು ಎಷ್ಟು ದಿನ ಬಾಳ್ತದೆ?"

ಮೂವತ್ತು ವರ್ಷದ ಸಂಸಾರದಲ್ಲಿ ಜಯಮ್ಮ ನನ್ನನ್ನು ಕೇಳಿದ ಮೊದಲ ತಾಂತ್ರಿಕ ಪ್ರಶ್ನೆ! ನನಗೆ ಕಣ್ಣು ತುಂಬಿ ಬಂತು (ಸೋಲ್ಡರ್ ಹೊಗೆಯೂ ಇತ್ತು). ಉತ್ಸಾಹದಿಂದ ವಿವರಿಸಿದೆ. ಐಸಿಗೆ ಸಾವಿಲ್ಲ. ಸೆಲ್ಲು ಮುಗಿದರೆ ಯಾರು ಬೇಕಾದರೂ ಬದಲಾಯಿಸಬಹುದು. ಸಾಯುವುದು ತಂತಿ. ಉಪ್ಪುನೀರು, ಅದರಲ್ಲಿ ಕರೆಂಟು, ಎರಡೂ ಸೇರಿದರೆ ತಾಮ್ರ ಹಸಿರು ತಿರುಗಿ ತುಂಡಾಗುತ್ತದೆ. ಅದಕ್ಕೇ ನಾನು ತಂತಿಯ ಮೈಗೆಲ್ಲ ಬೆಸುಗೆ ಹಾಕುವ ತವರದ ಲೇಪ ಕೊಟ್ಟಿದ್ದೇನೆ, ನೋಡು, ಬೆಳ್ಳಗಿದೆ, ವರ್ಷಗಟ್ಟಲೆ ಬಾಳುತ್ತದೆ ಎಂದೆ.

"ಲೇಪ ಇಲ್ದಿದ್ರೆ?"

"ಬರೀ ಕೆಂಪು ತಾಮ್ರ ಆದ್ರೆ ಮೂರು ವಾರ. ಹೆಚ್ಚಂದ್ರೆ ನಾಲ್ಕು."

"ಕೂಸಿಗೆ ಏನಾದ್ರೂ ಆಗ್ತದಾ?"

"ಏನೂ ಇಲ್ಲ. ನಾಲ್ಕು ಮಡಿಕೆ ಸೀರೆ ಕೆಳಗಿರ್ತದೆ. ಮೆಷಿನ್ನು ಮೂಗಾಗ್ತದೆ, ಅಷ್ಟೆ."

ಜಯಮ್ಮ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಬಹಳ ಸೌಮ್ಯವಾಗಿ, ತರಕಾರಿಯವನ ಹತ್ತಿರ ಕೊತ್ತಂಬರಿ ಕೇಳುವ ಹಾಗೆ ಹೇಳಿದಳು:

"ಬೆಳ್ಳಗಿರೋದು ಬ್ಯಾಡ. ಕೆಂಪುದು ಹಾಕಿ."

ನಾನು ಒಬ್ಬ ತತ್ತ್ವನಿಷ್ಠ ಹವ್ಯಾಸಿ. ಬಾಳಲಿ ಎಂದು ಮಾಡಿದ ನನ್ನ ಸರ್ಕ್ಯೂಟುಗಳು ತಾವಾಗಿ ಕೆಟ್ಟಿವೆ. ಕೆಡಲಿ ಎಂದು ಯಾವತ್ತೂ ಮಾಡಿರಲಿಲ್ಲ. ಆತ್ಮಸಾಕ್ಷಿಯನ್ನು ಕೇಳಿದೆ. ಆತ್ಮಸಾಕ್ಷಿ, ತಂತಿ ಸುರುಳಿ ಎರಡನೇ ಸೀಸೆಯ ಹಿಂದೆ ಇದೆ ಎಂದಿತು. ನಾನು ಬಿಚ್ಚಿದೆ, ಜಯಮ್ಮ ಭೂತಗನ್ನಡಿ ಹಿಡಿದಳು. ಹೊಲಿಗೆ ಮಾತ್ರ ಅವಳೇ ಹಾಕಿದಳು, ಗೆರೆ ಎಳೆದಷ್ಟು ನೇರವಾಗಿ. ಹಾಳಾಗುವ ವಸ್ತುವೇ ಆಗಲಿ, ಬೀಗಿತ್ತಿಯ ಎದುರು ಸೊಟ್ಟ ಹೊಲಿಗೆಯ ಮಾತು ಎರಡನೇ ಸಲ ಬರಬಾರದಲ್ಲ?

(ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯುತ್ತಿದ್ದೀಯಲ್ಲ, ಭಯವಿಲ್ಲವೆ ಎಂದು ನೀವು ಕೇಳಬಹುದು. ಬೀಗಿತ್ತಿ ಮನೆಯಲ್ಲಿ ಕನ್ನಡ ಆಡುತ್ತಾರೆ, ಅಂಗಡಿಯಲ್ಲಿ ತೆಲುಗು ಆಡುತ್ತಾರೆ. ಓದುವುದು ತೆಲುಗು ಮಾತ್ರ. ಅಳಿಯನೂ ಅಷ್ಟೆ. ಕಲ್ಯಾಣದುರ್ಗದ ಕನ್ನಡ ಓದುಗರಲ್ಲಿ ವಿನಂತಿ: ಈ ವಾರದ ಪುಟವನ್ನು ಬಟ್ಟೆ ಅಂಗಡಿಯಲ್ಲಿ ಗಟ್ಟಿಯಾಗಿ ಓದಬೇಡಿ.)

ಹೇಳಿದ ದಿನ ಬೀಗಿತ್ತಿ ಬಂದರು. ಮಗು, ಮಗಳು, ತೊಟ್ಟಿಲು, ಸೋಪು ಡಬ್ಬಿ, ಎಲ್ಲ ಹೊರಟವು. ಡಬ್ಬಿಯನ್ನು ಬೀಗಿತ್ತಿ ಬೇರೆ ಯಾರಿಗೂ ಕೊಡದೆ ತಮ್ಮ ಮಡಿಲಲ್ಲೇ ಇಟ್ಟುಕೊಂಡರು. ಬಸ್ಸು ಹತ್ತುವ ಮುಂಚೆ ನನ್ನ ಹತ್ತಿರ ಬಂದು, "ಬೀಗ್ರೆ, ಎಂಥೆಂಥಾ ಬೀಗರನ್ನ ನೋಡಿದ್ದೀನಿ. ನನ್ನ ಮಂಡಿ ನೋವು ಅರ್ಥ ಮಾಡ್ಕೊಂಡೋರು ನೀವೊಬ್ರೇ" ಎಂದರು. ಜಯಮ್ಮ ಕೆಮ್ಮಿದಳು. ನಾನು ಬಸ್ಸಿನ ಬೋರ್ಡು ಓದಿದೆ.

ತಂಪು ಕೋಣೆ ಖಾಲಿಯಾಯಿತು. ನನ್ನ ಮೇಜು ಸ್ವಸ್ಥಾನಕ್ಕೆ ಮರಳಿತು. ಬಯಸಿದ್ದು ಇದನ್ನೇ ತಾನೆ? ಮೂರು ದಿನ ಸೋಲ್ಡರಿಂಗ್ ಕಡ್ಡಿ ಬಿಸಿ ಮಾಡಿದೆ, ಆರಿಸಿದೆ. ಸಂಜೆ ಬ್ಯಾಚು ಮುಗಿದು ಟೈಪ್‌ರೈಟರುಗಳು ನಿಂತರೆ ಇಬ್ಬರೂ ಕಿವಿಗೊಡುತ್ತಿದ್ದೆವು. ಯಾರೂ ಚೀರುತ್ತಿರಲಿಲ್ಲ. ಜಯಮ್ಮ ಕ್ಯಾಲೆಂಡರಿನ ಮೇಲೆ ಗೆರೆ ಹಾಕತೊಡಗಿದಳು. ಹಾಲಿನ ಲೆಕ್ಕವಲ್ಲ. ತಾಮ್ರದ ಲೆಕ್ಕ.

"ಇನ್ನೂ ಕೆಟ್ಟಿಲ್ವಾ?" ದಿನವೂ ಕಾಫಿಯೊಂದಿಗೆ ಪ್ರಶ್ನೆ.

"ಕೆಡ್ತದೆ ಕಣೆ, ತಡಿ."

"ನೀವು ಮಾಡಿದ್ದೆಲ್ಲ ಎರಡೇ ದಿನಕ್ಕೆ ಕೆಡ್ತಿತ್ತು. ಕೆಡ್ಲಿ ಅಂತ ಮಾಡಿರೋದು ನೋಡಿ, ಹೆಂಗೆ ಕುಂತೈತೆ!"

ಇಪ್ಪತ್ತಾರನೆಯ ಗೆರೆ ಬಿದ್ದ ದಿನ, ಅಂದರೆ ಕಳೆದ ಶನಿವಾರ, ಅಳಿಯನ ಇನ್‌ಲ್ಯಾಂಡ್ ಲೆಟರು ಬಂತು. ತೆಲುಗಿನಲ್ಲಿ, ಬಿಲ್ಲು ಬರೆದಷ್ಟು ಅಚ್ಚುಕಟ್ಟಾಗಿ. ಎಲ್ಲರೂ ಕ್ಷೇಮ. ಮಗು ಮಗುಚಿಕೊಳ್ಳುತ್ತಿದೆ. ಮಾವನವರ ಮೆಷಿನ್ನು ಮೂರು ವಾರ ಬಹಳ ಚೆನ್ನಾಗಿ ಹಾಡಿ ಮೊನ್ನೆಯಿಂದ ಮೌನ ವಹಿಸಿದೆ. ಹೊಸ ಸೆಲ್ಲು ಹಾಕಿದರೂ ಉಸಿರಿಲ್ಲ. ರಾತ್ರಿ ಎದ್ದೆದ್ದು ಅಮ್ಮನ ಮಂಡಿ ಊದಿದೆ. ಹಿಂದೂಪುರದ ಬಸ್ಸಿನ ಕಂಡಕ್ಟರು ಪರಿಚಯದವರು, ಅವರ ಕೈಯಲ್ಲಿ ಡಬ್ಬಿ ಕಳಿಸಿದರೆ ರಿಪೇರಿ ಮಾಡಿ ಅವರ ಕೈಯಲ್ಲೇ ವಾಪಸು ಕಳಿಸುತ್ತೀರಾ ಎಂದು ಅಮ್ಮ ಕೇಳಿದ್ದಾರೆ.

ಕೆಳಗೆ, ಅಂಟು ಹಚ್ಚುವ ಅಂಚಿನಲ್ಲಿ, ಕನ್ನಡದಲ್ಲಿ ಸುಧಾಳ ಒಂದು ಸಾಲು: "ಅಪ್ಪಾ, ತಂತಿ ಎಲ್ಲ ಹಸಿರಾಗಿದೆ. ನಾನು ಅಲ್ಲಿದ್ದಾಗ ಅದು ಬೆಳ್ಳಗಿತ್ತಲ್ಲ? ನಾನು ಯಾರಿಗೂ ಹೇಳಿಲ್ಲ."

ಬೀಗಿತ್ತಿಯ ಮಂಡಿಯ ಸಾಲನ್ನು ನಾನು ಎರಡು ಸಲ ಓದಿದೆ. ಜಯಮ್ಮ ಅದನ್ನು ಕೇಳಿ ಒಂದು ಕ್ಷಣ ಸೆರಗಿನ ಅಂಚು ತಿರುಚಿದಳು. ಆಮೇಲೆ ಒಳಗೆ ಹೋಗಿ, ಮಂಡಿಗೆ ಹಚ್ಚುವ ಎಣ್ಣೆಯ ಸೀಸೆಯೊಂದನ್ನು ಬಿಗಿಯಾಗಿ ಬಿರಡೆ ಹಾಕಿ ತಂದಿಟ್ಟಳು, ಕಂಡಕ್ಟರ ಕೈಯಲ್ಲಿ ಕಳಿಸಲು. ಪ್ರಾಯಶ್ಚಿತ್ತ ಅಲ್ಲಿಗೆ ಮುಗಿಯಿತು. ಕಾರ್ಡು ಮತ್ತು ಪೆನ್ನನ್ನು ನನ್ನ ಮುಂದೆ ಇಟ್ಟಳು.

"ಇದು ನಾಲ್ಕನೇ ತಿಂಗ್ಳಲ್ವೇನೆ? ಈಗ ಕೂಸು ಪಯಣ ಮಾಡ್ಬೋದಾ?" ನಾನು ಕೇಳಿದೆ.

"ಗಂಡನ ಮನೆಗೆ ಹೋಗೋಕೆ ಬೆಸ ತಿಂಗ್ಳು ಬೇಕು. ರಿಪೇರಿಗೆ ಬರೋಕೆ ಯಾವ್ದಾದ್ರೂ ಆಯ್ತದೆ. ಬರೀರಿ."

ಬರೆದೆ. ಅಳಿಯನಿಗೆ ಆಶೀರ್ವಾದ, ಬೀಗಿತ್ತಿಯವರಿಗೆ ನಮಸ್ಕಾರ, ಎಣ್ಣೆಯನ್ನು ಬಿಸಿ ಮಾಡಿ ಹಚ್ಚತಕ್ಕದ್ದು. ಡಬ್ಬಿಯನ್ನು ಮಾತ್ರ ಒಂಟಿಯಾಗಿ ಕಳಿಸಿದರೆ ಪ್ರಯೋಜನವಿಲ್ಲ. ಇದು ಬಹಳ ಸೂಕ್ಷ್ಮವಾದ ಐಸಿ. ಮಗುವನ್ನು, ಮಗುವಿನ ತಾಯಿಯನ್ನು, ಸಾಧ್ಯವಾದರೆ ತೊಟ್ಟಿಲನ್ನೂ ಜೊತೆಗೆ ಕಳಿಸಿಕೊಡಬೇಕು. ಪರೀಕ್ಷೆಗೆ ಕಡಿಮೆಯೆಂದರೆ ಒಂದು ತಿಂಗಳು ಹಿಡಿಯುತ್ತದೆ.

ನೀವೇ ಹೇಳಿ ಸ್ವಾಮಿ, ಒದ್ದೆ ಮಾಡುವವನೇ ಎದುರಿಗಿಲ್ಲದೆ ಒದ್ದೆಯ ಯಂತ್ರ ರಿಪೇರಿಯಾಯಿತೆಂದು ಯಾವ ಪ್ರಾಮಾಣಿಕ ಮೆಕ್ಯಾನಿಕ್ ತಾನೇ ಎದೆ ತಟ್ಟಿ ಹೇಳಬಲ್ಲ?